ಕಾರಿಗೆ ಸುರಿದ ಹಣ ಊರಲ್ಲಿ ಉಳಿಯುವುದಿಲ್ಲ

ಮಾನ್ಯ ಸಂಪಾದಕರೇ,

ಮೈಸೂರಿನ ವಾಹನ ದಟ್ಟಣೆಯ ಬಗ್ಗೆ ಪತ್ರಿಕೆಗಳಿಗೆ ಬರುವ ಓದುಗರ ಪತ್ರಗಳಲ್ಲಿ ಹೆಚ್ಚಾಗಿ ಎರಡು ಬೇಡಿಕೆ ಕಾಣುತ್ತವೆ: ರಸ್ತೆ ಅಗಲ ಮಾಡಿ, ಪಾರ್ಕಿಂಗ್‌ಗೆ ಜಾಗ ಕೊಡಿ. ಹೊಗೆ, ಹಾರ್ನ್, ಅಪಘಾತಗಳ ಮಾತೂ ನಡುನಡುವೆ ಬರುತ್ತದೆ. ದುಡ್ಡಿನ ಮಾತು ಬರುವುದು ಬಹಳ ಕಡಿಮೆ. ಮೈಸೂರು, ಮಂಡ್ಯ, ರಾಮನಗರದ ಜನ ಕಾರಿಗಾಗಿ ಖರ್ಚು ಮಾಡುವ ಹಣ ಯಾರ ಕೈ ಸೇರುತ್ತದೆ, ಅದರಲ್ಲಿ ಎಷ್ಟು ಈ ಸೀಮೆಯಲ್ಲೇ ತಿರುಗಾಡುತ್ತದೆ, ಎಷ್ಟು ಅದೇ ದಿನ ಹೊರಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇವೆ.

ಪೆಟ್ರೋಲಿನಿಂದಲೇ ಶುರು ಮಾಡೋಣ. 2025ರ ದರದಲ್ಲಿ ಲೀಟರಿಗೆ ಸುಮಾರು 103 ರೂಪಾಯಿ. ಇದರಲ್ಲಿ ತೈಲ ಕಂಪನಿಗೆ ಸೇರುವುದು ಹೆಚ್ಚುಕಡಿಮೆ 53 ರೂ. ದೇಶ ಬಳಸುವ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಆಮದಾಗುವುದರಿಂದ ಈ 53ರ ಬಹುಪಾಲು ದೇಶದಿಂದಲೇ ಆಚೆ ಹೋಗುತ್ತದೆ. ಮಂಗಳೂರಿನ ಸಂಸ್ಕರಣಾಗಾರ ನಮ್ಮ ರಾಜ್ಯದ್ದೇ ಅಲ್ಲವೇ ಎಂದು ಕೇಳಬಹುದು. ಅಲ್ಲಿಗೂ ಕಚ್ಚಾತೈಲ ಹಡಗಿನಲ್ಲೇ ಬರಬೇಕು, ಸುರತ್ಕಲ್ಲಿನಲ್ಲಿ ಕೊಡುವ ಸಂಬಳ ಮಂಡ್ಯದ ಅಂಗಡಿಗೆ ಬರುವುದಿಲ್ಲ. ಕೇಂದ್ರದ ಅಬಕಾರಿ ಸುಂಕ 2025ರ ಏಪ್ರಿಲ್ ಏರಿಕೆಯ ನಂತರ 21.90 ರೂ. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಅದರೊಳಗಿನ ಮೂಲ ಅಬಕಾರಿ ಸುಂಕ 1.40 ರೂ. ಮಾತ್ರ, ಉಳಿದದ್ದೆಲ್ಲ ವಿಶೇಷ ಸುಂಕ ಮತ್ತು ಸೆಸ್. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 15ನೇ ಹಣಕಾಸು ಆಯೋಗದ ಸೂತ್ರದಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಶೇ 41, ಆ ಪಾಲಿನಲ್ಲಿ ಕರ್ನಾಟಕಕ್ಕೆ ಶೇ 3.647. ಗುಣಿಸಿದರೆ ಲೀಟರಿಗೆ ಎರಡು ಪೈಸೆ. ರಸ್ತೆ ಸೆಸ್ಸಿನ ಒಂದಿಷ್ಟು ಭಾಗ ಹೆದ್ದಾರಿಗಳ ರೂಪದಲ್ಲಿ ಮರಳುತ್ತದೆ ಎಂಬುದು ನಿಜ, ಆ ಹೆದ್ದಾರಿಯ ವಿಷಯಕ್ಕೆ ಆಮೇಲೆ ಬರುತ್ತೇವೆ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಿಂದ ಶೇ 29.84, ಲೀಟರಿಗೆ 23ರಿಂದ 24 ರೂ. ಬಂಕ್ ಮಾಲೀಕರಿಗೆ ಸಿಗುವ ಕಮಿಷನ್ ನಾಲ್ಕೂವರೆ ರೂಪಾಯಿಯ ಆಸುಪಾಸು. ಬಂಕಿನ ಹುಡುಗರ ಸಂಬಳ, ಕರೆಂಟ್ ಬಿಲ್ಲು, ಜಾಗದ ಬಾಡಿಗೆ ಎಲ್ಲ ಅದರಲ್ಲೇ ಆಗಬೇಕು.

ಅಂದರೆ 103 ರೂಪಾಯಿಯಲ್ಲಿ 75 ರಾಜ್ಯದ ಗಡಿ ದಾಟಿತು, 23–24 ವಿಧಾನಸೌಧದ ಖಜಾನೆಗೆ ಹೋಯಿತು, ಊರಲ್ಲಿ ಉಳಿದದ್ದು ನಾಲ್ಕೂವರೆ. ಅದೇ 103 ರೂಪಾಯಿಗೆ ಸಂತೆಯಲ್ಲಿ ಸೊಪ್ಪು ತರಕಾರಿ ಕೊಂಡರೆ ದೊಡ್ಡ ಪಾಲು ನಂಜನಗೂಡು, ಪಾಂಡವಪುರದ ಕಡೆಯ ರೈತ, ಆಟೊದವ, ಮಂಡಿಯವ, ಮಾರುವ ಹೆಂಗಸು ಇವರ ನಡುವೆ ಹಂಚಿಹೋಗುತ್ತದೆ. ಅವರು ಅದನ್ನು ಮತ್ತೆ ಇಲ್ಲೇ ಖರ್ಚು ಮಾಡುತ್ತಾರೆ.

ಈಗ ಇಡೀ ಕಾರಿನ ಲೆಕ್ಕ. ಎಕ್ಸ್ ಷೋರೂಂ ಬೆಲೆ 7 ಲಕ್ಷದ ಚಿಕ್ಕ ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. 5ರಿಂದ 10 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 14, ಅದರ ಮೇಲೆ ಶೇ 11 ಸೆಸ್, ಒಟ್ಟು ಸುಮಾರು 1.09 ಲಕ್ಷ. ಮೊದಲ ವರ್ಷದ ವಿಮೆ, ನೋಂದಣಿ ಸೇರಿ ಆನ್‌ರೋಡ್ ಎಂಟೂವರೆ ಲಕ್ಷ. ಇದರಲ್ಲಿ 7 ಲಕ್ಷಕ್ಕೆ ಶೇ 9ರ ಬಡ್ಡಿಯಲ್ಲಿ 7 ವರ್ಷದ ಸಾಲ ಮಾಡಿದರೆ ತಿಂಗಳ ಕಂತು 11,260 ರೂ., ಒಟ್ಟು ಬಡ್ಡಿ 2.46 ಲಕ್ಷ. ವರ್ಷಕ್ಕೆ 10,000 ಕಿ.ಮೀ. ಓಡಿಸಿ, ಊರೊಳಗಿನ ಓಡಾಟಕ್ಕೆ ಲೀಟರಿಗೆ 15 ಕಿ.ಮೀ. ಹಿಡಿದರೆ ಪೆಟ್ರೋಲು 667 ಲೀಟರ್, 68,700 ರೂ. ವಿಮೆ 15 ಸಾವಿರ, ಸರ್ವಿಸ್, ಟೈರು, ಬ್ಯಾಟರಿ ಸರಾಸರಿ 15 ಸಾವಿರ, ಟೋಲು, ಪಾರ್ಕಿಂಗ್, ತೊಳೆಸುವ ಖರ್ಚು 6 ಸಾವಿರ. ಹತ್ತು ವರ್ಷದ ಮೇಲೆ 2 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 65 ಸಾವಿರ ಸವಕಳಿ. ಬಡ್ಡಿಯನ್ನು ಅದೇ ಹತ್ತು ವರ್ಷಕ್ಕೆ ಹಂಚಿದರೆ 24,600. ಎಲ್ಲ ಕೂಡಿಸಿ ವರ್ಷಕ್ಕೆ 1.94 ಲಕ್ಷ, ಕಿಲೋಮೀಟರಿಗೆ 19 ರೂಪಾಯಿಗೂ ಹೆಚ್ಚು. ಕಾರಿರುವವರಲ್ಲಿ ಬಹಳ ಜನ ಪೆಟ್ರೋಲನ್ನಷ್ಟೇ ಲೆಕ್ಕ ಹಿಡಿದು ‘ಕಿಲೋಮೀಟರಿಗೆ ಏಳು ರೂಪಾಯಿ ಬೀಳುತ್ತೆ’ ಅನ್ನುತ್ತಾರೆ. ಉಳಿದ ಹನ್ನೆರಡು ರೂಪಾಯಿ ಕಂತು, ವಿಮೆ, ಸವಕಳಿಯ ರೂಪದಲ್ಲಿ ಬೇರೆ ಬೇರೆ ದಿನ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಕಾರಿನ ಅಂಕಿಗಳನ್ನು ಹಾಕಿ ನೀವೇ ಕೂಡಿಸಿ ನೋಡಬಹುದು.

ಈ 1.94 ಲಕ್ಷ ಹೋದ ದಾರಿ ಹೀಗಿದೆ. ಪೆಟ್ರೋಲಿನ 50 ಸಾವಿರ ರಾಜ್ಯದಾಚೆಗೆ. ಕಾರಿನ ಬೆಲೆಯಲ್ಲಿ ತೆರಿಗೆ ಕಳೆದು ಉಳಿದದ್ದು ಗುರುಗ್ರಾಮ, ಚೆನ್ನೈ, ಪುಣೆ, ಸಾನಂದದ ಕಾರ್ಖಾನೆಗಳಿಗೆ ಮತ್ತು ಅವುಗಳಿಗೆ ಬಿಡಿಭಾಗ ಕೊಡುವವರಿಗೆ, ಷೋರೂಮಿನವರ ಮಾರ್ಜಿನ್ ತೀರಾ ತೆಳು. ಬಡ್ಡಿ ಬ್ಯಾಂಕಿಗೆ. (ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಇದ್ದ ಕಾಲದಲ್ಲಿ ಅದರ ಲಾಭವನ್ನು ಎಲ್ಲಿ ಸಾಲ ಕೊಡಬೇಕು ಎಂಬ ತೀರ್ಮಾನವಾದರೂ ರಾಜ್ಯದೊಳಗೆ ಆಗುತ್ತಿತ್ತು. 2017ರ ಏಪ್ರಿಲ್ 1ರಿಂದ ಅದೂ ಇಲ್ಲ.) ವಿಮೆಯ ಕಂತು ವಿಮಾ ಕಂಪನಿಗಳ ಕೇಂದ್ರ ಕಚೇರಿಗೆ. ಮಾರಾಟ ತೆರಿಗೆ, ಜೀವಿತಾವಧಿ ತೆರಿಗೆ, ಜಿಎಸ್‌ಟಿಯಲ್ಲಿ ರಾಜ್ಯದ ಅರ್ಧ ಸೇರಿ ವರ್ಷಕ್ಕೆ ಸುಮಾರು 33 ಸಾವಿರ ರಾಜ್ಯ ಖಜಾನೆಗೆ. ಗ್ಯಾರೇಜಿನ ಕೂಲಿ, ಪಂಕ್ಚರ್ ಅಂಗಡಿ, ಬಂಕಿನ ಕಮಿಷನ್, ಕಾರು ತೊಳೆಯುವವರು, ಷೋರೂಮಿನ ನೌಕರರು ಇವರಿಗೆಲ್ಲ ಸೇರಿ ಈ ಸೀಮೆಯಲ್ಲಿ ಉಳಿಯುವುದು 25 ಸಾವಿರದಷ್ಟು. ಮಿಕ್ಕ 1.35 ಲಕ್ಷದ ಆಸುಪಾಸು ಹೊರಗೆ. ಹತ್ತು ಸಾವಿರ ಮನೆಗಳು ಇಂಥ ಒಂದೊಂದು ಕಾರನ್ನು ಅನಿವಾರ್ಯವಾಗಿ ಸಾಕುತ್ತಿವೆ ಎಂದುಕೊಂಡರೆ, ವರ್ಷಕ್ಕೆ ಹೊರಗೆ ಹರಿಯುವುದು 135 ಕೋಟಿ.

‘ಅನಿವಾರ್ಯವಾಗಿ’ ಎಂಬ ಮಾತನ್ನು ತೂಗಿಯೇ ಬಳಸಿದ್ದೇವೆ. ಇಷ್ಟಪಟ್ಟು ಕಾರು ಕೊಂಡವರ ಮೇಲೆ ನಮ್ಮ ದೂರಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ, ರಾತ್ರಿ ಆಸ್ಪತ್ರೆಗೆ ಓಡಬೇಕಾದರೆ ಕಾರಿನಷ್ಟು ಅನುಕೂಲ ಬೇರೆ ಇಲ್ಲ. ಬಸ್ಸು ಇದ್ದಿದ್ದರೆ ಕೊಳ್ಳುತ್ತಲೇ ಇರಲಿಲ್ಲ ಎನ್ನುವವರು ಕೊಳ್ಳಬೇಕಾಗಿ ಬಂದ ಎರಡನೆಯ ಕಾರು, ಮೂರನೆಯ ಸ್ಕೂಟರು ನಮ್ಮ ಚಿಂತೆ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಯ ಕಾರ್ಖಾನೆಗಳನ್ನೇ ನೋಡಿ. ಎರಡನೆಯ ಪಾಳಿ ರಾತ್ರಿ 10ಕ್ಕೆ ಬಿಡುವ ಕಡೆ ಆ ಹೊತ್ತಿಗೆ ನಗರ ಸಾರಿಗೆ ಬಸ್ಸಿಲ್ಲದಿದ್ದರೆ ಎರಡೇ ದಾರಿ: ಕಾರ್ಖಾನೆಯವರು ಗುತ್ತಿಗೆ ಬಸ್ಸು ಇಡಬೇಕು, ಇಲ್ಲವೇ ನೌಕರ ದ್ವಿಚಕ್ರ ವಾಹನ ಕೊಳ್ಳಬೇಕು. ಮೊದಲನೆಯದರಲ್ಲಿ ಉತ್ಪಾದನಾ ವೆಚ್ಚ ಏರುತ್ತದೆ, ಎರಡನೆಯದರಲ್ಲಿ ಸಂಬಳದ ಒಂದು ಪಾಲು ಕೈಗೆ ಬರುವ ಮೊದಲೇ ಕಂತಿಗೆ ಹೋಗುತ್ತದೆ. ಒಂದು ಲಕ್ಷ ದಾಟಿದ ಸ್ಕೂಟರಿಗೆ ಜೀವಿತಾವಧಿ ತೆರಿಗೆ ಶೇ 18, ಅಂದರೆ 7 ಲಕ್ಷದ ಕಾರಿಗಿಂತ ಹೆಚ್ಚಿನ ದರ. ಪಾಳಿಯ ನೌಕರನಿಗೆ ಇದು ದೊಡ್ಡ ಹೊರೆ.

ಬಸ್ಸಿಗೆ ಹಾಕಿದ ಹಣದ ದಾರಿ ಬೇರೆ. ಅಲ್ಲೂ ಡೀಸೆಲ್ ಇದೆ, ಅದರ ದುಡ್ಡೂ ಹೊರಗೇ ಹೋಗುತ್ತದೆ. ಆದರೆ 40 ಜನರನ್ನು ಹೊತ್ತು ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುವ ಬಸ್ಸು ಒಂದು ಲೀಟರಿನಲ್ಲಿ 180 ‘ಪ್ರಯಾಣಿಕ ಕಿಲೋಮೀಟರ್’ (ಒಬ್ಬರನ್ನು ಒಂದು ಕಿ.ಮೀ. ಸಾಗಿಸಿದರೆ ಒಂದು) ಕೊಡುತ್ತದೆ. ಸರಾಸರಿ ಒಂದೂವರೆ ಜನ ಕೂರುವ ಕಾರು ಕೊಡುವುದು 22. ಎಂಟು ಪಟ್ಟು ವ್ಯತ್ಯಾಸ. ಇನ್ನು ಬಸ್ಸಿನ ಖರ್ಚಿನಲ್ಲಿ ಸಂಬಳದ ಪಾಲು ದೊಡ್ಡದು. ಚಾಲಕ, ನಿರ್ವಾಹಕ, ಬದಲಿ ಸಿಬ್ಬಂದಿ, ಡಿಪೊ ಮೆಕ್ಯಾನಿಕ್ ಸೇರಿ ಒಂದು ಷೆಡ್ಯೂಲಿಗೆ, ಅಂದರೆ ಒಂದು ಬಸ್ಸಿನ ದಿನದ ಓಡಾಟಕ್ಕೆ, ನಾಲ್ಕೈದು ಜನ. ಬನ್ನಿಮಂಟಪ, ಕುವೆಂಪುನಗರ, ಸಾತಗಳ್ಳಿ ಡಿಪೊಗಳ ಈ ಸಂಬಳ ತಿಂಗಳ ಮೊದಲ ವಾರವೇ ಮೈಸೂರಿನ ದಿನಸಿ ಅಂಗಡಿ, ಮನೆ ಬಾಡಿಗೆ, ಶಾಲೆಯ ಫೀಸು ಆಗುತ್ತದೆ. ರೈಲಿನದೂ ಹಾಗೆಯೇ: ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳ ದುರಸ್ತಿಗೆ ಕೊಡುವ ಕೂಲಿ ಇಲ್ಲೇ ಉಳಿಯುತ್ತದೆ.

ಹಾಗಾದರೆ ಬಸ್ಸು ಏಕೆ ಸೊರಗುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು, ಏಕೆಂದರೆ ನಷ್ಟದ ಮೂಲ ಇಲ್ಲಿದೆ. 10 ಕಿ.ಮೀ. ಉದ್ದದ ಒಂದು ಮಾರ್ಗದಲ್ಲಿ ಬಸ್ಸಿನ ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಎನ್ನಿ. ಒಂದು ಕಡೆಗೆ 40 ನಿಮಿಷ, ಕೊನೆಯಲ್ಲಿ 5 ನಿಮಿಷ ನಿಲುಗಡೆ, ಹೋಗಿ ಬರಲು 90 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ಸು ಬಿಡಲು 9 ಬಸ್ಸು ಬೇಕು. ಈಗ ಅದೇ ರಸ್ತೆಯ ಎರಡೂ ಬದಿ ಕಾರು ನಿಂತು, ನಡುವೆಯೂ ಕಾರು ತುಂಬಿ ವೇಗ 10 ಕಿ.ಮೀ.ಗೆ ಇಳಿದರೆ ಒಂದು ಸುತ್ತಿಗೆ 130 ನಿಮಿಷ ಬೇಕು. ಹತ್ತು ನಿಮಿಷಕ್ಕೊಂದು ಬಸ್ಸಿಗೆ ಈಗ 13 ಬೇಕು. ನಾಲ್ಕು ಬಸ್ಸು, ಹದಿನೆಂಟಿಪ್ಪತ್ತು ಜನರ ಸಂಬಳ, ದಟ್ಟಣೆಯಲ್ಲಿ ನಿಂತೇ ಉರಿಯುವ ಡೀಸೆಲ್ ಎಲ್ಲ ಹೆಚ್ಚಾಯಿತು, ಪ್ರಯಾಣಿಕರು ಒಬ್ಬರೂ ಹೆಚ್ಚಾಗಲಿಲ್ಲ. ನಗರ ಬಸ್ಸು ಓಡಿಸುವ ಸಾರಿಗೆ ನಿಗಮದ (ಕೆಎಸ್ಆರ್‌ಟಿಸಿ) ಹತ್ತಿರ ಆ ನಾಲ್ಕು ಬಸ್ಸು ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಬರುತ್ತಿದ್ದ ಬಸ್ಸು ಹದಿನಾಲ್ಕೂವರೆ ನಿಮಿಷಕ್ಕೆ ಬರುತ್ತದೆ, ಮುಂದೆ ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡರೆ ಅರ್ಧ ಗಂಟೆ ಏನೂ ಬಾರದೆ ಆಮೇಲೆ ಎರಡು ಒಟ್ಟಿಗೆ ಬರುತ್ತವೆ. ಕಾದು ಬೇಸತ್ತವರು ಸಾಲ ಮಾಡಿ ಗಾಡಿ ಕೊಳ್ಳುತ್ತಾರೆ, ಆ ಗಾಡಿಗಳು ಬಸ್ಸನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಕಾರಿನವರು ಹೇರುವ ಈ ವೆಚ್ಚ ನಿಗಮದ ಆಯವ್ಯಯದಲ್ಲಿ ‘ಬಸ್ಸಿನ ನಷ್ಟ’ ಎಂಬ ಹೆಸರಿನಲ್ಲಿ ದಾಖಲಾಗುತ್ತದೆ. ಆ ನಷ್ಟ ತೋರಿಸಿ ಮತ್ತೆ ಟ್ರಿಪ್ಪು ಕಡಿತವಾಗುತ್ತದೆ. ಇದಕ್ಕಿಂತ ದೊಡ್ಡ ಅನ್ಯಾಯ ನಗರ ಸಾರಿಗೆಗೆ ಇನ್ನೊಂದಿಲ್ಲ.

ಜಾಗದ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಒಳಹೋಗಿ ಬರುವ ದಾರಿ ಸೇರಿದರೆ 25 ಚದರ ಮೀಟರ್, ಅಂದರೆ ಸುಮಾರು 270 ಚದರಡಿ. ನಗರದ ನಡುಭಾಗದಲ್ಲಿ ಚದರಡಿಗೆ 10 ಸಾವಿರ ರೂಪಾಯಿ ಎಂದು ಹಿಡಿದರೂ 27 ಲಕ್ಷದ ಜಾಗ, ಅದರ ಮೇಲೆ ನಿಂತಿರುವುದು 7 ಲಕ್ಷದ ಕಾರು. ಕಾರಿನವರು ರಸ್ತೆ ತೆರಿಗೆ ಕಟ್ಟಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. 1.09 ಲಕ್ಷವನ್ನು 15 ವರ್ಷಕ್ಕೆ ಹಂಚಿದರೆ ದಿನಕ್ಕೆ 20 ರೂಪಾಯಿ. ಅದೂ ರಾಜ್ಯ ಸರ್ಕಾರಕ್ಕೆ. ಗುಂಡಿ ಮುಚ್ಚುವ, ಚರಂಡಿ ತೆಗೆಸುವ, ದೀಪ ಹಾಕಿಸುವ ಮಹಾನಗರ ಪಾಲಿಕೆಯ ಕೈಯಲ್ಲಿರುವುದು ಮುಖ್ಯವಾಗಿ ಆಸ್ತಿ ತೆರಿಗೆ. ಅಂದರೆ ಸೈಕಲ್ಲಿನಲ್ಲಿ ಓಡಾಡುವ ಮನೆಯವನೂ ಕಾರು ನಿಲ್ಲುವ ರಸ್ತೆಯ ಖರ್ಚು ಹೊರುತ್ತಿದ್ದಾನೆ.

ದೇವರಾಜ ಅರಸು ರಸ್ತೆಯ ವ್ಯಾಪಾರಿಗಳಿಗೆ ಪಾರ್ಕಿಂಗ್ ಶುಲ್ಕ ಎಂದರೆ ಗಾಬರಿಯಾಗುವುದು ನಮಗೆ ಅರ್ಥವಾಗುತ್ತದೆ. ಆದರೂ ಒಂದು ಎಣಿಕೆ ಮಾಡಿ ನೋಡಬಹುದು. ಅಂಗಡಿ ಮುಂದಿನ ಒಂದು ಜಾಗದಲ್ಲಿ ಮಾಲೀಕರ ಅಥವಾ ನೌಕರರ ಕಾರು ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ನಿಂತರೆ ಆ ಜಾಗದಿಂದ ಬಂದ ಗಿರಾಕಿ ಸೊನ್ನೆ. ಗಂಟೆಯ ಲೆಕ್ಕದಲ್ಲಿ ಶುಲ್ಕ ಹಾಕಿ ಗಂಟೆಗೊಂದು ಕಾರು ಬದಲಾದರೆ ದಿನಕ್ಕೆ 10 ಕಾರು, ಪೇಟೆಗೆ ಬರುವ ಕಾರಿಗೆ ಇಬ್ಬರು ಎಂದು ಹಿಡಿದರೆ 20 ಗಿರಾಕಿ. ಅಲ್ಲೇ ಹತ್ತಿರ ಹದಿನೈದು ಮೀಟರಿನ ಬಸ್ ನಿಲುಗಡೆ ಇದ್ದು ಗಂಟೆಗೆ 10 ಬಸ್ಸು ಐದೈದು ಜನರನ್ನು ಇಳಿಸಿದರೆ ಒಂದು ಗಂಟೆಗೇ 50 ಜನ. ಶುಲ್ಕವನ್ನು ದಿನದ ಲೆಕ್ಕದಲ್ಲಿ ವಸೂಲು ಮಾಡಿದರೆ ಮಾತ್ರ ಕೆಲಸ ಕೆಡುತ್ತದೆ, ಏಕೆಂದರೆ ದಿನವಿಡೀ ನಿಲ್ಲಿಸುವವನಿಗೆ ಅದೇ ಲಾಭ. ಮೊದಲ ಗಂಟೆಗೆ ಕಡಿಮೆ, ಎರಡನೆಯದಕ್ಕೆ ಜಾಸ್ತಿ, ಮೂರನೆಯದಕ್ಕೆ ಇನ್ನೂ ಜಾಸ್ತಿ ಇರಬೇಕು. ಬಂದ ಹಣ ಅದೇ ರಸ್ತೆಯ ಪಾದಚಾರಿ ಮಾರ್ಗಕ್ಕೆ ಹೋಗಬೇಕು, ಆಗ ವ್ಯಾಪಾರಿಗಳ ಒಪ್ಪಿಗೆಯೂ ಸಿಗುತ್ತದೆ. ನೆಲದಡಿಯ ಪಾರ್ಕಿಂಗ್ ಕಟ್ಟುವುದು ಉತ್ತರವಾಗಲಾರದು. ಪುರಭವನದ ಆವರಣದಲ್ಲಿ 2011ರಲ್ಲಿ ಹಿಡಿದ ಅಂಥ ಕಾಮಗಾರಿ ಒಂದು ದಶಕಕ್ಕೂ ಮೀರಿ ಎಳೆದದ್ದನ್ನು ಊರೇ ನೋಡಿದೆ.

ಇನ್ನು ಹೆದ್ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಸುಮಾರು 119 ಕಿ.ಮೀ., ಹತ್ತಿರಹತ್ತಿರ 8,480 ಕೋಟಿ ರೂಪಾಯಿಯದು, 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಪ್ರಯಾಣದ ಸಮಯ ಉಳಿದದ್ದು ನಿಜ, ಮಂಡ್ಯ ಮದ್ದೂರಿನ ಪೇಟೆಯೊಳಗೆ ಲಾರಿಗಳ ಕಾಟ ತಪ್ಪಿದ್ದೂ ನಿಜ. ಆ ಉಳಿತಾಯ ಯಾರಿಗೆ ಸಿಕ್ಕಿತು, ಬೆಲೆ ಯಾರು ತೆತ್ತರು ಎಂಬುದನ್ನು ಬಿಡಿಸಿ ನೋಡಬೇಕು. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ದಾರಿಯ ಇಕ್ಕೆಲದ ಹಳ್ಳಿಗಳಲ್ಲಿ ಇರುವುದೇ ಆ ವಾಹನಗಳು. ರಾಮನಗರ–ಚನ್ನಪಟ್ಟಣಕ್ಕೆ ಸುಮಾರು 22 ಕಿ.ಮೀ., ಮಂಡ್ಯಕ್ಕೆ 10 ಕಿ.ಮೀ. ಬೈಪಾಸ್ ಬಂದ ಮೇಲೆ ಕಾರುಗಳು ಪೇಟೆಗೆ ಇಳಿಯುವುದಿಲ್ಲ. ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಮದ್ದೂರಿನ ಹೋಟೆಲುಗಳು, ಎಳನೀರು ಮಾರುವವರು ಗಿರಾಕಿ ಕಳೆದುಕೊಂಡದ್ದು ಹೀಗೆ. ಆಲೆಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು ಮಾಡಿದ ಬೊಂಬೆಯ ಬೆಲೆಯಲ್ಲಿ ಬಹುಪಾಲು ಚನ್ನಪಟ್ಟಣದ ಕೂಲಿ. ಅಂಥ ನೂರು ರೂಪಾಯಿಯ ವ್ಯಾಪಾರ ತಪ್ಪಿಸಿ, ಊರಲ್ಲಿ ನಾಲ್ಕೂವರೆ ರೂಪಾಯಿ ಉಳಿಸುವ ನೂರು ರೂಪಾಯಿಯ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಂತಾಯಿತು. 2023ರಲ್ಲೇ ಕಾರಿಗೆ ಒಂದು ಕಡೆಯ ಟೋಲು ಎರಡು ಪ್ಲಾಜಾ ಸೇರಿ 320 ರೂ. ಇತ್ತು. ಪೆಟ್ರೋಲು ಸೇರಿಸಿದರೆ ಒಂದು ಸಲಕ್ಕೆ ಸಾವಿರದ ಮೇಲೆ. ಅದೇ ದೂರಕ್ಕೆ ಮೆಮು (ವಿದ್ಯುತ್ತಿನಲ್ಲಿ ಓಡುವ ಲೋಕಲ್) ರೈಲಿನ ಟಿಕೆಟ್ಟು ಐವತ್ತು ರೂಪಾಯಿಯೂ ಆಗುವುದಿಲ್ಲ.

ಮದ್ದೂರು ವಡೆ ಹುಟ್ಟಿದ್ದು 1917ರಲ್ಲಿ, ಮದ್ದೂರಿನ ರೈಲು ನಿಲ್ದಾಣದಲ್ಲಿ. ರೈಲು ಅಲ್ಲಿ ನಿಂತಿತು, ಜನ ಇಳಿದರು, ಒಂದು ತಿಂಡಿಗೆ ಊರಿನ ಹೆಸರು ಬಂತು. ನಿಲ್ಲುವ ಸಾರಿಗೆ ಊರಿಗೆ ವ್ಯಾಪಾರ ತರುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಬೇರೆ ಸಾಕ್ಷಿ ಬೇಕಿಲ್ಲ. ಜೋಡಿ ಹಳಿ, ವಿದ್ಯುದೀಕರಣ ಎರಡೂ ಆಗಿರುವ ಬೆಂಗಳೂರು–ಮೈಸೂರು ಮಾರ್ಗದಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ನಿಲ್ಲುವ ಮೆಮುಗಳನ್ನು ಬೆಳಿಗ್ಗೆ ಸಂಜೆ ಗಂಟೆಗೊಂದರಂತೆ ಓಡಿಸಿದರೆ ಆ ಊರುಗಳ ನೌಕರರಿಗೆ ಕಾರಿನ ಅಗತ್ಯ ತಪ್ಪುತ್ತದೆ. ಮೈಸೂರಿನಿಂದ ಕಡಕೊಳ, ನಂಜನಗೂಡಿನ ಕೈಗಾರಿಕಾ ಪ್ರದೇಶಗಳ ಕಡೆಗೂ ಹಳಿ ಇದೆ. ಅಲ್ಲಿ ಪಾಳಿಯ ಹೊತ್ತಿಗೆ ಹೊಂದುವ ರೈಲು ಬೇಕು, ಮತ್ತು ನಿಲ್ದಾಣದ ಬಾಗಿಲಲ್ಲೇ ಕಾರ್ಖಾನೆಗೆ ಬಸ್ಸು ನಿಂತಿರಬೇಕು. ಕೊನೆಯ ಮೂರು ಕಿಲೋಮೀಟರಿಗೆ ವ್ಯವಸ್ಥೆ ಇಲ್ಲದಿದ್ದರೆ ರೈಲು ಖಾಲಿ ಓಡುತ್ತದೆ, ಖಾಲಿ ಓಡಿದ ಕಾರಣ ಕೊಟ್ಟು ನಿಲ್ಲಿಸುತ್ತಾರೆ.

ವಿದ್ಯುತ್ ಕಾರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತಿಗೂ ಒಂದು ಉತ್ತರ. ಪೆಟ್ರೋಲಿನ ಬಾಬ್ತು ಖಂಡಿತ ಇಳಿಯುತ್ತದೆ, ಕರೆಂಟಿನ ಹಣ ಮೈಸೂರಲ್ಲೇ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರುತ್ತದೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಸೀಮೆಗೆ ಅದು ಒಪ್ಪುವಂಥದ್ದೇ. ಆದರೆ ಕಂತು, ಬಡ್ಡಿ, ಸವಕಳಿ, 270 ಚದರಡಿ ಜಾಗ, ಬಸ್ಸನ್ನು ತಡೆಯುವ ದಟ್ಟಣೆ ಹಾಗೇ ಉಳಿಯುತ್ತವೆ. ಅದೇ ಕರೆಂಟನ್ನು ಬಸ್ಸಿಗೆ ಹಾಕಿದರೆ ಎರಡೂ ಕಡೆಯ ಲಾಭ.

ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡಲು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳ ಕೈಯಲ್ಲಿ ಉಳಿದ ಟಿಕೆಟ್ ಹಣದ ದೊಡ್ಡ ಪಾಲು ಹತ್ತಿರದ ಅಂಗಡಿಯಲ್ಲೇ ಖರ್ಚಾಗುತ್ತದೆ. ಆದರೆ ಆ ಟಿಕೆಟ್ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ಪ್ರತಿ ತಿಂಗಳು ಪೂರ್ತಿ ಕಟ್ಟಬೇಕು. ತಡವಾದಷ್ಟೂ ಹೊಸ ಬಸ್ಸಿನ ಖರೀದಿ ಮುಂದೆ ಹೋಗುತ್ತದೆ, ಹಳೆಯ ಬಸ್ಸು ರಸ್ತೆ ಮಧ್ಯೆ ಕೆಟ್ಟು ನಿಲ್ಲುತ್ತದೆ.

ಮೈಸೂರಿನ ನಗರ ಬಸ್ಸುಗಳಿಗೆ 2012ರಲ್ಲೇ ಜಿಪಿಎಸ್ ಆಧಾರಿತ ಇಂಟೆಲಿಜೆಂಟ್ ಟ್ರಾನ್ಸ್‌ಪೋರ್ಟ್ ವ್ಯವಸ್ಥೆ ಅಳವಡಿಸಲಾಯಿತು. ಅಂಥ ಮಾಹಿತಿಯಿಂದ ಯಾವ ರಸ್ತೆಯಲ್ಲಿ, ಯಾವ ಹೊತ್ತಿನಲ್ಲಿ ಬಸ್ಸಿನ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬ ಪಟ್ಟಿ ತೆಗೆದು ಕೆಎಸ್ಆರ್‌ಟಿಸಿ ಪ್ರತಿ ತಿಂಗಳು ಪ್ರಕಟಿಸಲಿ. ವೇಗ 12 ಕಿ.ಮೀ.ಗಿಂತ ಕಡಿಮೆ ಇರುವ ರಸ್ತೆಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8ರವರೆಗೆ ಬದಿಯ ಪಾರ್ಕಿಂಗ್ ತೆಗೆಸಿ ಆ ಪಥವನ್ನು ಬಸ್ಸಿಗೆ ಬಿಡಬೇಕು. ಬೇಕಾಗುವುದು ಬಿಳಿ ಪಟ್ಟಿ, ಫಲಕ, ದಂಡ ಹಾಕುವ ಇಬ್ಬರು ಸಿಬ್ಬಂದಿ. ಹೊರವರ್ತುಲ ರಸ್ತೆಯಾಚೆ ಹೊಸ ಬಡಾವಣೆಗೆ ಅನುಮೋದನೆ ಕೊಡುವಾಗ ನೀರು, ಒಳಚರಂಡಿಯ ಜೊತೆ ಬಸ್ ಮಾರ್ಗ ಮತ್ತು ನಿಲುಗಡೆಯ ಜಾಗವನ್ನೂ ನಕ್ಷೆಯಲ್ಲಿ ಕಡ್ಡಾಯ ಮಾಡಬೇಕು, ಒಳರಸ್ತೆಯ ತಿರುವುಗಳು 12 ಮೀಟರ್ ಉದ್ದದ ಬಸ್ಸು ತಿರುಗುವಷ್ಟು ಅಗಲವಿರಬೇಕು. ಎಲ್ಲಕ್ಕಿಂತ ಮೊದಲು, ಕೂರ್ಗಳ್ಳಿ, ಹೂಟಗಳ್ಳಿ, ಹೆಬ್ಬಾಳದಿಂದ ರಾತ್ರಿ 10.20ಕ್ಕೆ ನಗರ ಬಸ್ ನಿಲ್ದಾಣಕ್ಕೂ, ಅಲ್ಲಿಂದ 11ಕ್ಕೆ ಬಡಾವಣೆಗಳಿಗೂ ಬಸ್ಸು ಬಿಡಲಿ. ಬೆಳಿಗ್ಗೆ 6ರ ಪಾಳಿಗೆ ತಲುಪುವಂತೆ 5.15ಕ್ಕೆ ಅವೇ ಬಸ್ಸುಗಳು ಹೊರಡಲಿ. ಮೂರು ತಿಂಗಳು ಓಡಿಸಿ ಪ್ರಯಾಣಿಕರ ಸಂಖ್ಯೆಯನ್ನು ಪತ್ರಿಕೆಗೆ ಕೊಡಲಿ.

ಇತಿ,
ನಗರ ಸಾರಿಗೆಯ ಲೆಕ್ಕಾಚಾರದಲ್ಲಿ ತೊಡಗಿರುವ ಓದುಗರು
ಮೈಸೂರು